ಮನೆ ಕಟ್ಟುವ ಇಲಿ

ಇಲಿಯೆಂಬ ಹೆಸರು ನಮ್ಮ ಮನೆಗಳಲ್ಲಿ ಪ್ರಿಯವಾದುದಲ್ಲ. ಅಟ್ಟದ ಮೇಲಣ ಭತ್ತದ ಮೂಟೆಯನ್ನು ಕೊರೆಯುವುದು, ಪೆಟ್ಟಿಗೆಯಲ್ಲಿ ಮಡಿಸಿಟ್ಟ ಸೀರೆಯನ್ನು ಕಡಿದು ಚೂರುಮಾಡುವುದು, ರಾತ್ರಿಯೆಲ್ಲಾ ಹೆಂಚುಗಳ ಕೆಳಗೆ ಓಡಾಡಿ ನಿದ್ರೆಗೆ ಭಂಗವನ್ನುಂಟುಮಾಡುವುದು, ಇವೇ ಅದರ ಕಸುಬೆಂದು ಗೃಹಿಣಿಯರೆಲ್ಲರೂ ಬಲ್ಲರು. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು, ಜನರು ಮನೆಮಾರುಗಳನ್ನು ಬಿಟ್ಟು ಬಯಲಿನಲ್ಲಿ ಗುಡಿಸಲುಗಳನ್ನು ಹಾಕಿಕೊಂಡ ಸಂಗತಿಯು ಹಿರಿಯರ ಬಾಯಿಂದ ಬಾಯಿಗೆ ಇಳಿದು ನಮ್ಮವರೆಗೂ ಬಂದಿದೆ. ಇಂಥ ಪ್ರಾಣಿಯ ವಿಷಯವಾಗಿ ಸ್ಮರಣ ಸಂಚಿಕೆಯ ಪುಟಗಳನ್ನು ತುಂಬಿಸುವುದು ಏತಕ್ಕೆಂದು ನಮ್ಮ ಹಳೆಯ ವಿದ್ಯಾರ್ಥಿನಿಯರೂ ಅವರ ತಂದೆತಾಯಿಗಳೂ ಕೇಳಿದರೆ ಅದು ಸಹಜವೇ ಸರಿ.

ಆದರೆ ಇಲಿಗಳೆಲ್ಲವೂ ಒಂದೇ ಸ್ವಭಾವದವಲ್ಲ. ಮನುಷ್ಯನ ಕಣಜವನ್ನು ನಂಬಿ ಬದುಕುವ ಜಾತಿಗಳು ಕೆಲವೇ. ಮಿಕ್ಕ ನೂರಾರು ಜಾತಿಗಳು ಕಾಡಿನಲ್ಲಿಯೂ ಹುಲ್ಲುಗಾವಲಿನಲ್ಲಿಯೂ ಮರಳುಭೂಮಿಯಲ್ಲಿಯೂ ತಮ್ಮ ಪಾಡಿಗೆ ತಾವಿದ್ದುಕೊಂಡು, ನಮ್ಮ ಒಂದು ಕಾಳನ್ನೂ ಮುಟ್ಟದೆ ಜೀವಿಸುತ್ತವೆ. ಅಂಥವುಗಳಲ್ಲಿ ಒಂದು ಆಸ್ಟ್ರೇಲಿಯ ದೇಶದ ಒಣನಾಡಿನಲ್ಲಿ ಕಡ್ಡಿಗಳಿಂದ ಮನೆಯನ್ನು ಕಟ್ಟಿಕೊಂಡು, ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಆ ಮನೆಯನ್ನು ಒಪ್ಪಿಸುತ್ತಾ ಬಾಳುತ್ತಿತ್ತು. ಅದು ಮನುಷ್ಯನಿಗೆ ಯಾವ ಕೇಡನ್ನೂ ಮಾಡಿದುದಲ್ಲ. ಆದರೂ ಮನುಷ್ಯನು ತಂದ ಕೇಡುಗಳ ದೆಸೆಯಿಂದ ಆ ಖಂಡದ ನೆಲದ ಮೇಲೆ ಅದು ಹೇಳಹೆಸರಿಲ್ಲದಂತಾಯಿತು. ಈ ಲೇಖನದಲ್ಲಿ ಆ ಪ್ರಾಣಿಯ ರೂಪವೇನು, ಅದರ ಮನೆಯೆಂಥದು, ಅದಕ್ಕೆ ಬಂದ ಅಪಾಯಗಳಾವುವು, ಅದು ಸಂಪೂರ್ಣವಾಗಿ ಅಳಿಯದೆ ಉಳಿದುದು ಹೇಗೆ ಎಂಬುದನ್ನು ನಾವು ಕ್ರಮವಾಗಿ ವಿಚಾರ ಮಾಡೋಣ.

ದೇಶವೂ ಅದರ ಇಲಿಗಳೂ

ಆಸ್ಟ್ರೇಲಿಯವೆಂದೊಡನೆ ನಮ್ಮ ಬಾಲಕಿಯರು ಕಾಂಗರೂವನ್ನು ನೆನೆಯುವರು. ಹೊಟ್ಟೆಯ ಚೀಲದಲ್ಲಿ ಮರಿಯನ್ನು ಹೊರುವ ಪ್ರಾಣಿಗಳಿಗೆ ಆ ಖಂಡವು ತವರೆಂಬುದು ನಿಜ. ಆದರೆ ಅಲ್ಲಿ ಇಲಿಯ ಕುಲಕ್ಕೆ ಸೇರಿದ ಪ್ರಾಣಿಗಳೂ ಉಂಟು. ಅವುಗಳಿಗೆ ಹೊಟ್ಟೆಯ ಚೀಲವಿಲ್ಲ. ಇವುಗಳ ಪೂರ್ವಿಕರು ಸುಮಾರು ಐವತ್ತು ಲಕ್ಷ ವರ್ಷಗಳ ಹಿಂದೆ ಉತ್ತರದ ನ್ಯೂಗಿನಿ ದ್ವೀಪದ ಕಡೆಯಿಂದ ಬಂದು ಸೇರಿದರೆಂದು ಶಾಸ್ತ್ರಜ್ಞರು ತಿಳಿಸುತ್ತಾರೆ. ಅಷ್ಟು ದೀರ್ಘಕಾಲದಲ್ಲಿ ಅವು ನಾಡಿನ ಮೂಲೆಮೂಲೆಗೂ ಹರಡಿ, ನೆಲಕ್ಕೂ ನೀರಿಗೂ ಮರಕ್ಕೂ ಮರಳಿಗೂ ತಕ್ಕಂತೆ ಅರುವತ್ತಕ್ಕೂ ಮಿಕ್ಕ ಜಾತಿಗಳಾದುವು. ನೀರಿನಲ್ಲಿ ಈಜಿ ಮೀನು ಹಿಡಿಯುವ ಇಲಿಯೊಂದು. ಕಾಂಗರೂವಿನಂತೆ ಹಿಂಗಾಲುಗಳಿಂದ ಕುಪ್ಪಳಿಸುವ ಇಲಿಯೊಂದು. ಸಣ್ಣ ಕಲ್ಲುಗಳನ್ನು ಆಯ್ದು ಬಿಲದ ಮೇಲೆ ಗುಡ್ಡೆ ಹಾಕುವ ಇಲಿಯೊಂದು. ಇವೆಲ್ಲವೂ ಆ ನಾಡಿನ ನಿಜವಾದ ಮಕ್ಕಳು.

ಇಲ್ಲಿ ನಾವು ಒಂದು ಮಾತನ್ನು ಗಮನದಲ್ಲಿಡಬೇಕು. ನಮ್ಮ ಅಟ್ಟದ ಮೇಲೆ ಓಡಾಡುವ ಕರಿಯ ಇಲಿಯು ಆಸ್ಟ್ರೇಲಿಯದಲ್ಲಿಯೂ ಇದೆ. ಆದರೆ ಅದು ಅಲ್ಲಿಯ ಪ್ರಾಣಿಯಲ್ಲ. ಅದರ ಮೂಲಸ್ಥಾನವು ನಮ್ಮ ಭಾರತವೇ ಎಂದು ತಿಳಿದವರು ಹೇಳುವರು. ಇಲ್ಲಿಂದ ವರ್ತಕರ ಸಂಗಡ ಪಶ್ಚಿಮಕ್ಕೆ ಹೋಗಿ, ಅಲ್ಲಿಂದ ಹಡಗುಗಳ ಒಡಲಿನಲ್ಲಿ ಅಡಗಿಕೊಂಡು ಅದು ಲೋಕದ ಬಂದರುಗಳನ್ನೆಲ್ಲಾ ಸೇರಿತು. ಆದುದರಿಂದ ಆಸ್ಟ್ರೇಲಿಯದ ಒಕ್ಕಲಿಗನು ಇಲಿಯನ್ನು ಶಪಿಸುವಾಗ ಅವನ ಕೋಪಕ್ಕೆ ಗುರಿಯಾಗಬೇಕಾದುದು ಹೊರಗಿನಿಂದ ಬಂದ ಇಲಿಯೇ ಹೊರತು ಆ ನಾಡಿನ ಇಲಿಯಲ್ಲ. ಹೆಸರು ಒಂದೇ ಆದುದರಿಂದ ನಿರಪರಾಧಿಯ ಮೇಲೆಯೂ ಕೆಟ್ಟ ಹೆಸರು ಬಂದಿತು. ಒಂದು ಪ್ರಾಣಿಯು ಅಳಿಯುತ್ತಿದ್ದರೂ ಜನರು ಕಣ್ಣೆತ್ತಿ ನೋಡದಿರುವುದಕ್ಕೆ ಇದೂ ಒಂದು ಕಾರಣವೆನ್ನಬಹುದು.

ರೂಪವೂ ಸ್ವಭಾವವೂ

ನಮ್ಮ ಪಾಠದ ವಿಷಯವಾದ ಪ್ರಾಣಿಯನ್ನು ಕನ್ನಡದಲ್ಲಿ ಕಡ್ಡಿಗೂಡಿನ ಇಲಿ ಎಂದು ಕರೆಯೋಣ. ಇದರಲ್ಲಿ ದೊಡ್ಡದು, ಸಣ್ಣದು ಎಂಬ ಎರಡು ಜಾತಿಗಳಿದ್ದುವು. ದೊಡ್ಡದನ್ನು ಹೊರಲೋಕಕ್ಕೆ ಮೊದಲು ವರ್ಣಿಸಿ ತಿಳಿಸಿದವನು ಚಾರ್ಲ್ಸ್ ಸ್ಟರ್ಟ್ ಎಂಬ ಅನ್ವೇಷಕನು. ಅವನು ೧೮೪೪ರಿಂದ ೧೮೪೬ರವರೆಗೆ ಆಸ್ಟ್ರೇಲಿಯದ ಒಳನಾಡಿನಲ್ಲಿ ಬಹು ಕಷ್ಟದಿಂದ ಸಂಚರಿಸಿ, ೧೮೪೮ರ ವರದಿಯಲ್ಲಿ ಇದಕ್ಕೆ ಹೆಸರಿಟ್ಟನು. ಶಾಸ್ತ್ರಜ್ಞರು ಬಳಸುವ ಲ್ಯಾಟಿನ್ ಹೆಸರು ಲೆಪೊರಿಲಸ್ ಕಾಂಡಿಟಾರ್ ಎಂಬುದು. ಮೊದಲನೆಯ ಪದಕ್ಕೆ ಪುಟ್ಟ ಮೊಲವೆಂದೂ ಎರಡನೆಯದಕ್ಕೆ ಕಟ್ಟುವವನೆಂದೂ ಅರ್ಥ. ಒಂದೇ ಹೆಸರಿನಲ್ಲಿ ಅದರ ರೂಪವೂ ಕೆಲಸವೂ ಅಡಗಿವೆ.

ರೂಪದಲ್ಲಿ ಇದು ನಿಜವಾಗಿಯೂ ಪುಟ್ಟ ಮೊಲದಂತೆಯೇ ಇದೆ. ಮೊಂಡಾದ ಮೂತಿ, ಅಗಲವಾದ ಗುಂಡು ಕಿವಿಗಳು, ದೊಡ್ಡ ಕಣ್ಣುಗಳು, ಹಳದಿ ಬೆರೆತ ಬೂದುಬಣ್ಣದ ದಟ್ಟವೂ ಮೃದುವೂ ಆದ ಕೂದಲು. ತಲೆಯೂ ದೇಹವೂ ಸೇರಿ ಏಳರಿಂದ ಹತ್ತು ಅಂಗುಲದಷ್ಟು ಉದ್ದ. ಬಾಲವು ದೇಹಕ್ಕಿಂತ ಗಿಡ್ಡ. ಚೆನ್ನಾಗಿ ಬೆಳೆದ ಪ್ರಾಣಿಯು ನಾಲ್ಕುನೂರು ಗ್ರಾಮಿಗೂ ಸ್ವಲ್ಪ ಮಿಕ್ಕು ತೂಗುವುದುಂಟು. ಬೆನ್ನನ್ನು ಗೂನುಮಾಡಿಕೊಂಡು ಅದು ಕುಳಿತಿರುವುದನ್ನು ದೂರದಿಂದ ಕಂಡವರು ಮೊಲದ ಮರಿಯೆಂದೇ ಭ್ರಮಿಸುವರು. ಸ್ವಭಾವವು ಬಹಳ ಸಾಧು.

ಇದರ ಆಹಾರವು ಸಸ್ಯಗಳೇ. ಉಪ್ಪು ಬೆರೆತ ಒಣ ಮಣ್ಣಿನಲ್ಲಿ ಬೆಳೆಯುವ ಕೆಲವು ಪೊದೆಗಳಿಗೆ ರಸಭರಿತವಾದ ದಪ್ಪ ಎಲೆಗಳಿರುತ್ತವೆ. ಆ ಎಲೆಗಳನ್ನೂ ಹಣ್ಣುಗಳನ್ನೂ ಇದು ರಾತ್ರಿಯ ವೇಳೆಯಲ್ಲಿ ತಿನ್ನುವುದು. ಬೇಕಾದ ನೀರು ಎಲೆಯ ರಸದಿಂದಲೇ ದೊರೆಯುವುದರಿಂದ ಕೆರೆ ಹಳ್ಳಗಳಿಲ್ಲದ ಸೀಮೆಯಲ್ಲಿಯೂ ಇದು ಬದುಕಬಲ್ಲುದು. ಆದರೆ ಆ ಪೊದೆಗಳು ಹೋದರೆ ಅದಕ್ಕೆ ಅನ್ನವೂ ನೀರೂ ಏಕಕಾಲದಲ್ಲಿ ಹೋದಂತೆಯೇ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಹೇಳುವ ದುಃಖದ ಕಥೆಗೆ ಇದೇ ಬೀಜ.

ಕಡ್ಡಿಯ ಮನೆ

ಇನ್ನು ಆ ಪ್ರಸಿದ್ಧವಾದ ಮನೆಯ ವಿಚಾರ. ಒಂದು ಪೊದೆಯನ್ನು ಆಧಾರವಾಗಿಟ್ಟುಕೊಂಡು, ಅದರ ಸುತ್ತಲೂ ಒಣಗಿದ ಕಡ್ಡಿಗಳನ್ನು ತಂದು ಒಂದರೊಳಗೊಂದನ್ನು ಹೆಣೆದು ಇಲಿಯು ರಾಶಿಯನ್ನು ಎಬ್ಬಿಸುವುದು. ಕೆಲವೆಡೆಗಳಲ್ಲಿ ಗಾಳಿಗೆ ಹಾರಿಹೋಗದಂತೆ ಸಣ್ಣ ಕಲ್ಲುಗಳನ್ನೂ ಅದರ ಮೇಲೆ ಹೇರಿಟ್ಟಿರುವುದನ್ನು ಕಂಡಿದ್ದಾರೆ. ಹೀಗೆ ಬೆಳೆದ ಗೂಡು ಮೂರಡಿಯಷ್ಟು ಎತ್ತರ, ಐದಾರು ಅಡಿಯಷ್ಟು ಅಗಲವಾಗುವುದು. ಅಂಗೈಯಗಲದ ಪ್ರಾಣಿಯೊಂದು, ಬಾಯಿಯೊಂದನ್ನೇ ಸಾಧನವಾಗಿ ಮಾಡಿಕೊಂಡು, ನಮ್ಮ ಹಿತ್ತಿಲಿನ ಸೌದೆಯ ಒಟ್ಟಿಲಿನಷ್ಟು ದೊಡ್ಡ ಕಟ್ಟಡವನ್ನು ಕಟ್ಟುವುದೆಂದರೆ ಆಶ್ಚರ್ಯವಲ್ಲವೇ?

ಹೊರಗೆ ಒರಟು ಕಡ್ಡಿ. ಒಳಗೆ ಮೆತ್ತನೆಯ ಹುಲ್ಲು. ನಡುವೆ ಮಲಗುವ ಕೋಣೆ, ಅಲ್ಲಿಂದ ಹೊರಕ್ಕೆ ಓಣಿಗಳು. ಹೊರಗೆ ಬೇಸಗೆಯ ಬಿಸಿಲು ಸುಡುತ್ತಿರುವಾಗಲೂ ಚಳಿಗಾಲದ ರಾತ್ರಿಯ ಗಾಳಿ ಕೊರೆಯುತ್ತಿರುವಾಗಲೂ ಒಳಗಣ ಹವೆಯು ಅಷ್ಟು ತೀವ್ರವಾಗದು. ಹದ್ದು ಗೂಬೆಗಳ ಉಗುರಿಗೆ ಆ ಹೆಣಿಗೆಯು ಸುಲಭವಾಗಿ ಬಿಡಿಸಿಕೊಳ್ಳುವುದಿಲ್ಲ. ಗೂಡು ಒಂದು ತಲೆಮಾರಿನದಲ್ಲ. ಹುಟ್ಟಿ ಬೆಳೆದವರು ಹಳೆಯದನ್ನು ರಿಪೇರಿ ಮಾಡಿ, ಹೊಸ ಕಡ್ಡಿಯನ್ನು ಸೇರಿಸಿ, ಅದನ್ನೇ ಮುಂದುವರಿಸುವರು. ಸಾಮಾನ್ಯವಾಗಿ ಒಂದು ಹೆಣ್ಣು ತನ್ನ ಮಕ್ಕಳೊಡನೆ ಗೂಡಿಗೆ ಒಡತಿಯಾಗಿರುವುದು.

ಮರಿಗಳ ಪಾಲನೆಯೂ ತಿಳಿಯತಕ್ಕ ವಿಷಯ. ನಮ್ಮ ಮನೆಯ ಇಲಿಯು ಮೂರು ವಾರಗಳಲ್ಲಿಯೇ ಆರೆಂಟು ಮರಿಗಳನ್ನು ಹಾಕಿಬಿಡುವುದು. ಕಡ್ಡಿಗೂಡಿನ ಇಲಿಯು ಸುಮಾರು ನಲವತ್ತನಾಲ್ಕು ದಿನ ಗರ್ಭವನ್ನು ಧರಿಸಿ, ಒಂದೆರಡು ಮರಿಗಳನ್ನು, ಹೆಚ್ಚೆಂದರೆ ನಾಲ್ಕನ್ನು, ಹೆರುವುದು. ಮರಿಗಳು ತಾಯಿಯ ಮೊಲೆಯನ್ನು ಬಿಗಿಯಾಗಿ ಕಚ್ಚಿಕೊಂಡೇ ಇರುವುದರಿಂದ ತಾಯಿಯು ಹೋದಲ್ಲೆಲ್ಲಾ ಅವುಗಳನ್ನು ಎಳೆದುಕೊಂಡೇ ಹೋಗುವುದು. ಮಕ್ಕಳು ಕೆಲವೇ, ಪೋಷಣೆ ದೀರ್ಘ. ಇಂಥ ಪ್ರಾಣಿಯ ಸಂಖ್ಯೆಯು ಒಮ್ಮೆ ಕುಗ್ಗಿದರೆ ಬೇಗನೆ ಮತ್ತೆ ಹಿಗ್ಗಲಾರದು.

ಸಣ್ಣ ಜಾತಿಯ ಇಲಿಗಳು ಬಂಡೆಗಳ ಪೊಟರೆಗಳಲ್ಲಿಯೂ ಗೂಡು ಕಟ್ಟುತ್ತಿದ್ದುವು. ಮಳೆ ತಾಗದ ಅಂಥ ಸ್ಥಳಗಳಲ್ಲಿ ಅವುಗಳ ಅಂಟಾದ ಮೂತ್ರವು ಒಣಗಿ, ಕಡ್ಡಿ ಎಲೆ ಹಿಕ್ಕೆಗಳನ್ನೆಲ್ಲಾ ಅರಗಿನಂತೆ ಬೆಸೆದುಬಿಟ್ಟಿದೆ. ಅಂಥ ಗೂಡುಗಳಲ್ಲಿ ಕೆಲವು ಸುಮಾರು ೧೦,೦೦೦ ವರ್ಷಗಳಷ್ಟು ಹಳೆಯವೆಂದು ಪರೀಕ್ಷೆಯಿಂದ ಗೊತ್ತಾಗಿದೆ. ಅವುಗಳೊಳಗೆ ಸಿಕ್ಕಿರುವ ಎಲೆ, ಬೀಜ, ಹೂವಿನ ಪರಾಗ, ಎಲುಬು ಇವುಗಳನ್ನು ಬಿಡಿಸಿ ನೋಡಿ, ಆ ಪುರಾತನ ಕಾಲದಲ್ಲಿ ಆ ಸೀಮೆಯಲ್ಲಿ ಯಾವ ಗಿಡಗಳಿದ್ದುವು, ಮಳೆಬೆಳೆ ಹೇಗಿತ್ತು ಎಂಬುದನ್ನು ವಿದ್ವಾಂಸರು ಓದುತ್ತಾರೆ. ಇಲಿಯು ತನಗೆ ತಿಳಿಯದಂತೆಯೇ ನಾಡಿನ ಚರಿತ್ರೆಯನ್ನು ಬರೆದಿಟ್ಟು ಹೋಗಿದೆ.

ಬಂದ ಅಪಾಯಗಳು

ಆಸ್ಟ್ರೇಲಿಯದ ದಕ್ಷಿಣ ಭಾಗದ ಒಣಸೀಮೆಯಲ್ಲಿ, ಪಶ್ಚಿಮ ತೀರದ ಶಾರ್ಕ್ ಕೊಲ್ಲಿಯಿಂದ ಹಿಡಿದು ಪೂರ್ವದ ಮರ್ರೆ ಮತ್ತು ಡಾರ್ಲಿಂಗ್ ನದಿಗಳವರೆಗೆ, ಈ ಇಲಿಗಳು ಹರಡಿದ್ದುವು. ಆ ನಾಡಿನ ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದಲೂ ಇವುಗಳನ್ನು ಬೇಟೆಯಾಡಿ ತಿನ್ನುತ್ತಿದ್ದರು. ಆದರೂ ಕುಲಕ್ಕೆ ಕೇಡಾಗಲಿಲ್ಲ. ಹಾವು, ಗೂಬೆ, ಹದ್ದುಗಳೂ ತಮ್ಮ ಪಾಲನ್ನು ತೆಗೆದುಕೊಳ್ಳುತ್ತಿದ್ದುವು, ಆಗಲೂ ಕೇಡಾಗಲಿಲ್ಲ. ಕೇಡು ಬಂದುದು ೧೭೮೮ರ ತರುವಾಯ, ಯೂರೋಪಿನವರು ಅಲ್ಲಿ ನೆಲಸಿದ ಮೇಲೆ.

ಮೊದಲನೆಯದಾಗಿ, ಕುರಿಗಳು. ಉಣ್ಣೆಯ ವ್ಯಾಪಾರದಿಂದ ಹಣ ಬರುವುದೆಂದು ಕಂಡ ಕೂಡಲೇ ಕುರಿಯ ಮಂದೆಗಳು ಒಳನಾಡಿಗೆ ನುಗ್ಗಿದುವು. ೧೮೯೦ರ ದಶಕದ ಆರಂಭದಲ್ಲಿ ಆ ದೇಶದಲ್ಲಿ ಸುಮಾರು ಹತ್ತು ಕೋಟಿ ಕುರಿಗಳಿದ್ದುವು. ಬರಗಾಲದಲ್ಲಿ ಹುಲ್ಲು ಒಣಗಿದಾಗ ಕುರಿಗಳು ತಿಂದುದು ಅದೇ ರಸಭರಿತವಾದ ಎಲೆಗಳ ಪೊದೆಗಳನ್ನು. ಇಲಿಯ ಅನ್ನವೂ ಹೋಯಿತು. ಗೂಡಿಗೆ ಆಧಾರವಾದ ಗಿಡವೂ ಹೋಯಿತು.

ಎರಡನೆಯದಾಗಿ, ಬಿಲ ತೋಡುವ ಯೂರೋಪಿನ ಮೊಲಗಳು. ೧೮೫೯ರಲ್ಲಿ ವಿಕ್ಟೋರಿಯ ಪ್ರಾಂತದಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನ್ದಾರನು ಇಂಗ್ಲೆಂಡಿನಿಂದ ತರಿಸಿದ, ಎರಡು ಡಜನ್ನಿಗೆ ಮೀರದ ಮೊಲಗಳನ್ನು ಬೇಟೆಯ ವಿನೋದಕ್ಕಾಗಿ ತನ್ನ ಭೂಮಿಯಲ್ಲಿ ಬಿಟ್ಟನು. ಸುಮಾರು ಐವತ್ತು ವರ್ಷಗಳಲ್ಲಿ ಅವುಗಳ ಸಂತತಿಯು ಖಂಡದ ಪಶ್ಚಿಮ ತೀರವನ್ನು ಮುಟ್ಟಿತು. ಕುರಿಗಳು ಬಿಟ್ಟ ಚಿಗುರನ್ನು ಮೊಲಗಳು ಮೇದುವು. ಒಬ್ಬ ಗೃಹಸ್ಥನ ಒಂದು ದಿನದ ವಿನೋದವು ಒಂದು ಖಂಡಕ್ಕೆ ಎಂಥ ಸಂಕಟವನ್ನು ತಂದಿತೆಂಬುದನ್ನು ನಮ್ಮ ವಾಚಕರು ಯೋಚಿಸಲಿ.

ಮೂರನೆಯದಾಗಿ, ಬೆಕ್ಕು ಮತ್ತು ನರಿ. ಬೆಕ್ಕುಗಳು ಮೊದಲ ಹಡಗುಗಳಲ್ಲಿಯೇ ಬಂದು, ಮನೆಬಿಟ್ಟು ಕಾಡು ಸೇರಿ, ಹತ್ತೊಂಬತ್ತನೆಯ ಶತಮಾನವು ಮುಗಿಯುವುದರೊಳಗೆ ಖಂಡದ ಬಹುಭಾಗಕ್ಕೆ ಹಬ್ಬಿದುವು. ಕೆಂಪು ನರಿಯನ್ನು ಬೇಟೆಗಾಗಿ ತಂದು ೧೮೭೦ರ ದಶಕದಲ್ಲಿ ವಿಕ್ಟೋರಿಯದಲ್ಲಿ ನೆಲೆಗೊಳಿಸಿದರು. ಮೊಲಗಳು ಹೆಚ್ಚಿದಂತೆ ಅವುಗಳನ್ನು ತಿಂದು ಬೆಕ್ಕು ನರಿಗಳೂ ಹೆಚ್ಚಿದುವು; ಬರ ಬಂದು ಮೊಲಗಳು ಸತ್ತಾಗ ಹಸಿದ ಬೆಕ್ಕು ನರಿಗಳು ನಾಡಿನ ಸಣ್ಣ ಪ್ರಾಣಿಗಳ ಮೇಲೆ ಬಿದ್ದುವು. ಕಡ್ಡಿಗೂಡಿನ ಇಲಿಗೆ ಓಟದ ಚುರುಕಿಲ್ಲ. ಅದರ ರಕ್ಷಣೆಯೆಲ್ಲಾ ಮನೆಯ ಗೋಡೆಯಲ್ಲಿತ್ತು. ಆದರೆ ಮೇವಿಗಾಗಿ ರಾತ್ರಿ ಮನೆಯಿಂದ ಹೊರಗೆ ಬರಲೇಬೇಕಲ್ಲವೇ? ಹತ್ತಿರದ ಪೊದೆಗಳು ಬರಿದಾದುದರಿಂದ ದೂರಕ್ಕೆ ಹೋಗಬೇಕಾಯಿತು, ದಾರಿಯಲ್ಲಿ ಮರೆಯಿಲ್ಲ, ಬೆಕ್ಕು ಬಾಗಿಲಲ್ಲಿಯೇ ಕಾದಿತ್ತು. ಇದಲ್ಲದೆ ಒಣ ಕಡ್ಡಿಯ ರಾಶಿಗೆ ಬೆಂಕಿ ತಗಲಿದರೆ ಎಷ್ಟೋ ತಲೆಮಾರುಗಳ ದುಡಿಮೆಯು ಕ್ಷಣಮಾತ್ರದಲ್ಲಿ ಬೂದಿಯಾಗುವುದು.

ಇವುಗಳಲ್ಲಿ ಯಾವುದೊಂದು ಅಪಾಯವೇ ಬಂದಿದ್ದರೂ ಆ ಕುಲವು ತಾಳಿಕೊಳ್ಳುತ್ತಿತ್ತೋ ಏನೋ. ಎಲ್ಲವೂ ಒಂದರ ಮೇಲೊಂದು ಬಂದುದರಿಂದ, ಒಂದು ಮತ್ತೊಂದಕ್ಕೆ ಬಲಕೊಟ್ಟುದರಿಂದ, ಅದು ಕುಸಿಯಿತು.

ಅಳಿದ ತಂಗಿ, ಉಳಿದ ಅಕ್ಕ

ಸಣ್ಣ ಕಡ್ಡಿಗೂಡಿನ ಇಲಿಯ ಕಡೆಯ ನಿಶ್ಚಿತವಾದ ದಾಖಲೆಯು ೧೯೩೩ರದು. ಆ ವರ್ಷ ನಾರ್ಮನ್ ಟಿಂಡೇಲ್ ಎಂಬ ವಿದ್ವಾಂಸನು ದಕ್ಷಿಣ ಆಸ್ಟ್ರೇಲಿಯದ ವಾಯವ್ಯ ಮೂಲೆಯಲ್ಲಿ, ಕ್ರಾಂಬಿ ಬೆಟ್ಟದ ಬಳಿ, ಮೂಲನಿವಾಸಿಗಳ ಸಂಗಡವಿದ್ದಾಗ ಅದು ಸಿಕ್ಕಿತು. ಅದರ ಚಲನಚಿತ್ರವನ್ನೂ ತೆಗೆದರು. ಆಮೇಲೆ ಅದು ಸಿಕ್ಕಿದ ನಿಶ್ಚಿತವಾದ ಸುದ್ದಿಯಿಲ್ಲ. ಅದು ಅಳಿದುಹೋಯಿತೆಂದು ಎಣಿಸಲಾಗಿದೆ. ಬಂಡೆಯ ಪೊಟರೆಗಳಲ್ಲಿ ಅದರ ಗೂಡುಗಳು ಮಾತ್ರ ಇಂದಿಗೂ ಇವೆ, ಒಡೆಯರಿಲ್ಲದ ಮನೆಗಳು.

ದೊಡ್ಡ ಜಾತಿಯ ಇಲಿಯೂ ೧೯೩೦ರ ದಶಕದ ಹೊತ್ತಿಗೆ ಖಂಡದ ನೆಲದ ಮೇಲೆ ಮುಗಿದುಹೋಯಿತು. ಅದರ ಕಥೆಯೂ ಅಲ್ಲಿಗೆ ಮುಕ್ತಾಯವಾಗಬೇಕಾಗಿತ್ತು. ಆದರೆ ದಕ್ಷಿಣ ಆಸ್ಟ್ರೇಲಿಯದ ಸೆಡೂನ ಎಂಬ ಊರಿನಿಂದ ಸ್ವಲ್ಪ ದೂರದ ಸಮುದ್ರದಲ್ಲಿ ಫ್ರಾಂಕ್ಲಿನ್ ದ್ವೀಪಗಳೆಂಬ ಎರಡು ಚಿಕ್ಕ ದ್ವೀಪಗಳುಂಟು. ಮರಳಿನ ದಿಬ್ಬದಿಂದ ಒಂದಕ್ಕೊಂದು ಸೇರಿದ ಇವುಗಳ ವಿಸ್ತೀರ್ಣವು ಒಟ್ಟಿಗೆ ಸುಮಾರು ಐದು ಚದರ ಕಿಲೋಮೀಟರು ಮಾತ್ರ. ಬಹು ಪೂರ್ವಕಾಲದಲ್ಲಿ ಸಮುದ್ರದ ಮಟ್ಟವು ಏರಿದಾಗ ಇವು ಖಂಡದಿಂದ ಬೇರೆಯಾದುವು. ಅವುಗಳ ಮೇಲಿದ್ದ ಇಲಿಗಳು ಅಲ್ಲಿಯೇ ಉಳಿದುವು. ಅಲ್ಲಿಗೆ ನರಿ ಬರಲಿಲ್ಲ, ಮೊಲ ಬರಲಿಲ್ಲ, ಬೆಕ್ಕು ನೆಲಸಲಿಲ್ಲ. ವಿಷದ ಹಾವುಗಳೂ ಗೂಬೆಗಳೂ ಇದ್ದುವು. ಆದರೆ ಅವು ಹಳೆಯ ವೈರಿಗಳು, ಅವುಗಳೊಡನೆ ಬಾಳಲು ಇಲಿಯು ಬಲ್ಲುದು. ಕಡ್ಡಿಗೂಡುಗಳಲ್ಲದೆ, ಪೆಂಗ್ವಿನ್ ಮುಂತಾದ ಕಡಲಹಕ್ಕಿಗಳು ತೋಡಿದ ಬಿಲಗಳಲ್ಲಿಯೂ ಅವು ಆಶ್ರಯವನ್ನು ಪಡೆದುವು. ೧೯೨೦ರ ದಶಕದ ಆರಂಭದಲ್ಲಿ ಫ್ರೆಡರಿಕ್ ವುಡ್ ಜೋನ್ಸ್ ಎಂಬ ಶಾಸ್ತ್ರಜ್ಞನು ಈ ದ್ವೀಪಗಳಿಗೆ ಹೋಗಿ ಅವುಗಳನ್ನು ಕಂಡು ವರ್ಣಿಸಿದನು. ಒಂದು ಖಂಡದಷ್ಟು ಅಗಲದಲ್ಲಿದ್ದ ಕುಲದಲ್ಲಿ ಉಳಿದುದು ಸುಮಾರು ಒಂದು ಸಾವಿರ ಇಲಿಗಳು ಮಾತ್ರ.

ನೋಹನ ನಾವೆಯ ವೃತ್ತಾಂತವನ್ನು ನಮ್ಮ ಮಕ್ಕಳು ಭಾನುವಾರದ ಪಾಠಶಾಲೆಯಲ್ಲಿ ಕಲಿತವರೇ. ಈ ದ್ವೀಪಗಳು ಆ ಇಲಿಗೆ ನಾವೆಯಾದುವು. ಆದರೆ ಇಲ್ಲಿ ಒಂದು ಭೇದವುಂಟು. ನೋಹನು ದೇವರ ಮಾತನ್ನು ಕೇಳಿ ಮುಂದಾಗಿಯೇ ನಾವೆಯನ್ನು ಕಟ್ಟಿದನು. ಈ ದ್ವೀಪಗಳನ್ನು ನಾವೆಯನ್ನಾಗಿ ಮಾಡಬೇಕೆಂದು ಮನುಷ್ಯರಾರೂ ಯೋಚಿಸಿರಲಿಲ್ಲ. ಸಮುದ್ರವು ನಡುವೆ ಇದ್ದುದರಿಂದ ಅವು ಉಳಿದುವೇ ಹೊರತು ನಮ್ಮ ವಿವೇಕದಿಂದ ಅಲ್ಲ.

ಮರಳಿ ನೆಲೆಗೊಳಿಸುವ ಕೆಲಸ

ಒಂದೇ ಸ್ಥಳದಲ್ಲಿ ಒಂದು ಕುಲವಿದ್ದರೆ ಒಂದು ಬೆಂಕಿಯೋ ಒಂದು ರೋಗವೋ ದೋಣಿಯಿಂದಿಳಿದ ಒಂದೆರಡು ಬೆಕ್ಕುಗಳೋ ಎಲ್ಲವನ್ನೂ ಮುಗಿಸಬಲ್ಲುದು. ಇದನ್ನು ಮನಗಂಡು, ದಕ್ಷಿಣ ಆಸ್ಟ್ರೇಲಿಯದ ವನ್ಯಜೀವಿ ಇಲಾಖೆಯವರು ೧೯೮೫ರಲ್ಲಿ ಫ್ರಾಂಕ್ಲಿನ್ ದ್ವೀಪಗಳಿಂದ ಕೆಲವು ಇಲಿಗಳನ್ನು ತಂದು ಸಾಕಿ ಸಂತಾನವನ್ನು ಬೆಳೆಸತೊಡಗಿದರು. ೧೯೯೦ರಲ್ಲಿ ಅವುಗಳ ಮರಿಗಳನ್ನು ದಕ್ಷಿಣ ಆಸ್ಟ್ರೇಲಿಯದ ರೀವ್ಸ್‌ಬಿ ದ್ವೀಪದಲ್ಲಿಯೂ ಪಶ್ಚಿಮ ಆಸ್ಟ್ರೇಲಿಯದ ಸಾಲುಟೇಷನ್ ದ್ವೀಪದಲ್ಲಿಯೂ ಬಿಟ್ಟರು. ೧೯೯೩ರಲ್ಲಿ ಸಂತ ಪೇತ್ರನ ಹೆಸರಿನ ದ್ವೀಪದಲ್ಲಿ ಬಿಡುವುದಕ್ಕೆ ಪ್ರಾರಂಭಿಸಿದರು. ೧೬೨೭ರಲ್ಲಿಯೇ ಡಚ್ಚರ ಹಡಗೊಂದು ಕಂಡು ಹೆಸರಿಟ್ಟ ಈ ದ್ವೀಪವು ಫ್ರಾಂಕ್ಲಿನ್ ದ್ವೀಪಗಳಿಗೆ ಸಮೀಪವೇ ಇದೆ. ಈ ಸ್ಥಳಗಳಲ್ಲಿ ಇಲಿಗಳು ನೆಲೆಯೂರಿ ಹೆಚ್ಚಿದುವು.

ಖಂಡದ ನೆಲದ ಮೇಲೆಯೇ ಅವುಗಳನ್ನು ಮತ್ತೆ ತರುವುದು ಇನ್ನೂ ಕಷ್ಟದ ಕೆಲಸ. ಏಕೆಂದರೆ ಅಲ್ಲಿ ಬೆಕ್ಕು ನರಿಗಳು ಇನ್ನೂ ಇವೆ. ಅದಕ್ಕೆ ಒಂದೇ ಉಪಾಯವೆಂದರೆ ಬೇಲಿ. ರಾಕ್ಸ್‌ಬಿ ಡೌನ್ಸ್ ಎಂಬ ಊರಿನ ಬಳಿ ೧೯೯೭ರಲ್ಲಿ ಪ್ರಾರಂಭವಾದ ಅರಿಡ್ ರಿಕವರಿ ಎಂಬ ಸಂಸ್ಥೆಯವರು ಆರಡಿ ಎತ್ತರದ ತಂತಿಬಲೆಯ ಬೇಲಿಯನ್ನು ಹಾಕಿದರು. ಅದರ ತಲೆಯು ಹೊರಕ್ಕೆ ಬಾಗಿ ಸಡಿಲವಾಗಿರುವುದರಿಂದ ಹತ್ತಿದ ಬೆಕ್ಕು ಜೋಲಿಹೊಡೆದು ಕೆಳಕ್ಕೆ ಬೀಳುವುದು. ಬುಡದ ಬಲೆಯು ನೆಲದ ಮೇಲೆ ಹಾಸಿರುವುದರಿಂದ ನರಿಯೂ ಮೊಲವೂ ಕೆಳಗೆ ತೋಡಿ ನುಸುಳಲಾರವು. ಬೇಲಿಯೊಳಗಿನ ಬೆಕ್ಕು, ನರಿ, ಮೊಲಗಳನ್ನೆಲ್ಲಾ ತೆಗೆದು, ಪೊದೆಗಳು ಚಿಗುರುವಂತೆ ಮಾಡಿ, ೧೯೯೮ರಲ್ಲಿ ಇಲಿಗಳನ್ನು ತಂದು ಬಿಟ್ಟರು. ಹಲವು ದಶಕಗಳ ಮೇಲೆ ಒಳನಾಡಿನ ಮಣ್ಣಿನ ಮೇಲೆ ಹೊಸ ಕಡ್ಡಿಗೂಡುಗಳು ಎದ್ದುವು. ಈಗ ಆ ಬೇಲಿಯೊಳಗಿನ ನೆಲವು ೧೨೩ ಚದರ ಕಿಲೋಮೀಟರುಗಳಷ್ಟಿದೆ. ೨೦೧೧ರಲ್ಲಿ ಪಶ್ಚಿಮ ಆಸ್ಟ್ರೇಲಿಯದ ಮೌಂಟ್ ಗಿಬ್ಸನ್ ಎಂಬ ಅಭಯಾರಣ್ಯಕ್ಕೂ, ಕುರಿ ಮೇಕೆ ಬೆಕ್ಕುಗಳನ್ನೆಲ್ಲಾ ತೆಗೆದು ಶುದ್ಧಿಮಾಡಿದ ಡರ್ಕ್ ಹಾರ್ಟಾಗ್ ಎಂಬ ದೊಡ್ಡ ದ್ವೀಪಕ್ಕೆ ೨೦೨೧ರಲ್ಲಿಯೂ ಇಲಿಗಳನ್ನು ಒಯ್ದರು.

ಎಲ್ಲ ಪ್ರಯತ್ನಗಳೂ ಫಲಿಸಿದುವೆಂದು ಹೇಳಲಾಗದು. ಶಾರ್ಕ್ ಕೊಲ್ಲಿಯ ಹೆರಿಸನ್ ಪ್ರಾಂಗ್ ಎಂಬ ಭೂಶಿರಕ್ಕೆ ಒಯ್ದ ಇಲಿಗಳು ಅಲ್ಲಿ ನಿಲ್ಲಲಿಲ್ಲ. ಮನೆಯನ್ನು ಕೆಡಿಸುವುದಕ್ಕೆ ಒಂದು ಬೆಂಕಿಯ ಕಿಡಿ ಸಾಕು. ಕೆಟ್ಟ ಮನೆಯನ್ನು ಮತ್ತೆ ನಿಲ್ಲಿಸುವುದಕ್ಕೆ ಹಣವೂ ಕಾಲವೂ ತಾಳ್ಮೆಯೂ ಬೇಕು.

ಇನ್ನೂ ಉಳಿದಿರುವ ಭಯಗಳು

ಆಸ್ಟ್ರೇಲಿಯ ಸರ್ಕಾರದವರು ಈ ಇಲಿಯನ್ನು ಅಪಾಯಕ್ಕೊಳಗಾದ ಪ್ರಾಣಿಗಳ ಪಟ್ಟಿಯಲ್ಲಿಯೇ ಇರಿಸಿದ್ದಾರೆ. ಬೇಲಿಯಲ್ಲಿ ಒಂದು ಕಂಡಿಯಾಗಿ ಒಂದು ಬೆಕ್ಕು ಒಳಹೊಕ್ಕರೂ ಹಾನಿ ವಿಪರೀತ. ಈಗ ಇರುವ ಇಲಿಗಳೆಲ್ಲವೂ ಒಂದೇ ಮೂಲದವಾದುದರಿಂದ ಅವುಗಳಲ್ಲಿ ರಕ್ತಭೇದವು ಕಡಿಮೆ. ಹೊಸ ರೋಗವೇನಾದರೂ ಬಂದರೆ ತಡೆಯುವ ಶಕ್ತಿಯು ಕುಂದಿರಬಹುದು. ಎಲ್ಲಕ್ಕೂ ಮಿಗಿಲಾಗಿ ಲೋಕದ ಹವೆಯು ಬಿಸಿಯಾಗುತ್ತಿರುವುದು. ತಂಪಾದ ಕಡಲ ದ್ವೀಪದಿಂದ ಬಂದ ಈ ಪ್ರಾಣಿಗೆ ಒಳನಾಡಿನ ಉರಿಬಿಸಿಲೂ ಬರಗಾಲವೂ ಬಹು ಕಠಿಣವಾದುವು. ಎಲೆಯಲ್ಲಿ ರಸವಿಲ್ಲದಾಗ ಅದಕ್ಕೆ ಕುಡಿಯಲು ಬೇರೆ ನೀರಿಲ್ಲ.

ಹವೆಯ ಬದಲಾವಣೆಯ ಮಾತು ಬರಿಯ ಊಹೆಯಲ್ಲವೆಂಬುದಕ್ಕೆ ಇದೇ ದೇಶದ ಇನ್ನೊಂದು ಇಲಿಯೇ ಸಾಕ್ಷಿ. ಆಸ್ಟ್ರೇಲಿಯಕ್ಕೂ ನ್ಯೂಗಿನಿಗೂ ನಡುವಣ ಟಾರಿಸ್ ಜಲಸಂಧಿಯಲ್ಲಿ ಬ್ರ್ಯಾಂಬಲ್ ಕೇ ಎಂಬ ಮರಳದಿಣ್ಣೆಯುಂಟು. ನಾಲ್ಕೈದು ಹೆಕ್ಟೇರುಗಳಷ್ಟಿದ್ದ ಆ ದ್ವೀಪದ ಅತ್ಯಂತ ಎತ್ತರವಾದ ಭಾಗವೂ ಸಮುದ್ರದಿಂದ ಹತ್ತಡಿ ಮಾತ್ರ. ಅಲ್ಲಿ ಮೆಲೋಮಿಸ್ ಎಂಬ ಒಂದು ಜಾತಿಯ ಇಲಿಯು ಇದ್ದಿತು. ಲೋಕದಲ್ಲಿ ಮತ್ತೆಲ್ಲಿಯೂ ಇರಲಿಲ್ಲ. ೧೯೭೮ರಲ್ಲಿ ನೂರಾರು ಇದ್ದುವೆಂದು ಲೆಕ್ಕಹಾಕಿದ್ದರು. ಸಮುದ್ರದ ಮಟ್ಟವು ಏರುತ್ತಾ ಬಿರುಗಾಳಿಯ ಅಲೆಗಳು ದ್ವೀಪದ ಮೇಲೆ ಹಾಯತೊಡಗಿದುವು. ೨೦೦೪ರಲ್ಲಿ ಎರಡು ಹೆಕ್ಟೇರಿಗೂ ಮಿಕ್ಕಿದ್ದ ಹಸುರು, ೨೦೧೪ರಲ್ಲಿ ಹೆಕ್ಟೇರಿನ ಹದಿನೈದನೆಯ ಒಂದಂಶದಷ್ಟಾಯಿತು. ರಕ್ಷಣೆಯ ಯೋಜನೆಯನ್ನು ೨೦೦೮ರಲ್ಲಿ ಬರೆದರು. ಅದರಂತೆ ನಡೆಯಬೇಕಾದ ಕೆಲಸವು ನಡೆಯಲಿಲ್ಲ. ೨೦೦೯ರಲ್ಲಿ ಮೀನುಗಾರನೊಬ್ಬನು ಆ ಇಲಿಯನ್ನು ಕಂಡುದೇ ಕಡೆ. ೨೦೧೪ರಲ್ಲಿ ಹುಡುಕಿದವರಿಗೆ ಒಂದೂ ಸಿಕ್ಕಲ್ಲಿಲ್ಲ. ೨೦೧೯ರಲ್ಲಿ ಸರ್ಕಾರದವರು ಅದು ಅಳಿದುಹೋಯಿತೆಂದು ಪ್ರಕಟಿಸಿದರು. ಕಡ್ಡಿಗೂಡಿನ ಇಲಿಗಾಗಿ ೧೯೮೫ರಲ್ಲಿ ಮಾಡಿದ ಕೆಲಸವನ್ನು ಇದಕ್ಕಾಗಿಯೂ ಸಕಾಲದಲ್ಲಿ ಮಾಡಿದ್ದರೆ, ಕೆಲವನ್ನಾದರೂ ಬೇರೆ ಸ್ಥಳಕ್ಕೆ ಒಯ್ದು ಸಾಕಿದ್ದರೆ, ಅದೂ ಉಳಿಯಬಹುದಾಗಿತ್ತು. ಎರಡರಲ್ಲಿಯೂ ಉಳಿದುದು ದ್ವೀಪದ ಇಲಿಗಳೇ. ಒಂದಕ್ಕೆ ಕೈ ನೀಡಿದರು. ಇನ್ನೊಂದಕ್ಕೆ ಕೈ ನೀಡುವಷ್ಟರಲ್ಲಿ ಅದು ಇರಲಿಲ್ಲ.

ನಮಗೆ ಇದರಿಂದ ಏನು ಪಾಠ?

ದೂರದ ದೇಶದ ಇಲಿಯ ಕಥೆಯಿಂದ ನಮಗೇನೆಂದು ಯಾರೂ ಎಣಿಸಬಾರದು. ನಮ್ಮ ಶಾಲೆಯಲ್ಲಿ ಕಲಿತು ಈಗ ಗೃಹಿಣಿಯರೂ ಉಪಾಧ್ಯಾಯಿನಿಯರೂ ದಾದಿಯರೂ ಆಗಿರುವ ಸಹೋದರಿಯರು ಈ ಮೂರು ಮಾತುಗಳನ್ನು ತಮ್ಮ ಮಕ್ಕಳಿಗೂ ವಿದ್ಯಾರ್ಥಿಗಳಿಗೂ ತಿಳಿಸಬೇಕೆಂದು ನಾವು ಕೋರುತ್ತೇವೆ.

ಒಂದನೆಯದು, ಹೆಸರನ್ನು ಕೇಳಿ ತೀರ್ಪು ಕೊಡಬಾರದು. ಕಣಜವನ್ನು ಸೂರೆಮಾಡುವ ಇಲಿಯನ್ನು ಬೋನಿಗೆ ಹಾಕುವುದು ಗೃಹಿಣಿಯ ಧರ್ಮವೇ ಸರಿ. ಆದರೆ ಅದೇ ಹೆಸರಿನ ಇನ್ನೊಂದು ಜೀವಿಯನ್ನು ತಿಳಿಯದೆಯೇ ಹೀನವೆಂದು ತಳ್ಳುವುದು ಅನ್ಯಾಯ. ಸೃಷ್ಟಿಕರ್ತನು ತಾನು ಉಂಟುಮಾಡಿದುದನ್ನೆಲ್ಲಾ ನೋಡಿ ಒಳ್ಳೆಯದೆಂದು ಎಣಿಸಿದಾಗ ಕಡ್ಡಿಗೂಡಿನ ಇಲಿಯನ್ನು ಬಿಟ್ಟು ಎಣಿಸಿರಲಾರನು.

ಎರಡನೆಯದು, ಒಂದು ನಾಡಿನ ಜೀವಿಯನ್ನು ಇನ್ನೊಂದು ನಾಡಿಗೆ ಒಯ್ದು ಬಿಡುವ ಮೊದಲು ನೂರು ಸಲ ಯೋಚಿಸಬೇಕು. ಮೊಲವೂ ನರಿಯೂ ಬೆಕ್ಕೂ ತಮ್ಮ ಸ್ವಸ್ಥಾನದಲ್ಲಿ ಕೆಟ್ಟವಲ್ಲ. ನಮ್ಮ ಮಡಿಲಲ್ಲಿ ಮಲಗುವ ಬೆಕ್ಕೇ ಅಲ್ಲಿ ಒಂದು ಕುಲಕ್ಕೆ ಯಮನಾಯಿತು. ತಪ್ಪು ಪ್ರಾಣಿಯದಲ್ಲ; ಒಯ್ದವರದು. ಬೆಕ್ಕಿನ ಮರಿಗಳು ಹೆಚ್ಚಾದುವೆಂದು ಚೀಲದಲ್ಲಿ ಕಟ್ಟಿ ಊರ ಹೊರಗಿನ ತೋಪಿನಲ್ಲಿ ಬಿಟ್ಟು ಬರುವ ಅಭ್ಯಾಸವು ನಮ್ಮಲ್ಲಿಯೂ ಉಂಟಷ್ಟೆ. ಆ ತೋಪಿನ ಹಕ್ಕಿಗಳಿಗೂ ಅಳಿಲುಗಳಿಗೂ ಅದು ಏನನ್ನು ತರುವುದೆಂದು ಇನ್ನು ಮುಂದೆ ಯೋಚಿಸೋಣ.

ಮೂರನೆಯದು, ಸಹಾಯವು ಸಕಾಲದಲ್ಲಿ ಆಗಬೇಕು. ಸಾವಿರ ಉಳಿದಿದ್ದಾಗ ಪ್ರಾರಂಭಿಸಿದ ಕೆಲಸವು ಫಲಿಸಿತು. ಕಾಗದದ ಮೇಲೆಯೇ ಉಳಿದ ಯೋಜನೆಯು ಒಂದನ್ನೂ ಉಳಿಸಲಿಲ್ಲ. ಅಳಿದ ಮೇಲೆ ಮರುಗುವುದರಿಂದ ಒಂದು ಮರಿಯೂ ಹುಟ್ಟದು.

ಫ್ರಾಂಕ್ಲಿನ್ ದ್ವೀಪಗಳಲ್ಲಿಯೂ ರಾಕ್ಸ್‌ಬಿ ಡೌನ್ಸಿನ ಬೇಲಿಯೊಳಗೂ ಇಲಿಗಳು ರಾತ್ರಿಯಲ್ಲಿ ಕಡ್ಡಿಯನ್ನು ಕಚ್ಚಿ ತಂದು ತಮ್ಮ ತಾಯಂದಿರ ಮನೆಗೆ ಸೇರಿಸುತ್ತಿವೆ. ಅವು ತಮ್ಮ ಪಾಲಿನ ಕೆಲಸವನ್ನು ಎಂದಿಗೂ ಬಿಟ್ಟುದಿಲ್ಲ. ಬೇಲಿಯನ್ನು ಕಾಯುವುದು, ಬೆಕ್ಕನ್ನು ತಡೆಯುವುದು, ಹವೆಯು ಕೆಡದಂತೆ ನಮ್ಮ ಬಾಳನ್ನು ಮಿತವಾಗಿ ನಡೆಸುವುದು, ಇವು ಮನುಷ್ಯರ ಪಾಲಿನ ಕೆಲಸಗಳು. ಇವುಗಳಲ್ಲಿ ಕಡೆಯದು ಆಸ್ಟ್ರೇಲಿಯದವರಿಗೆ ಮಾತ್ರವಲ್ಲದೆ ನಮಗೂ ಸೇರಿದುದಾಗಿದೆ.